ಬಾಗಿಲಿಗೆ ಮುಂಚಿನ ತಿರುವು

ಅಹಮದಾಬಾದ್
11 ಫೆಬ್ರವರಿ 2023

ಅವ್ವಾ,

ಹಾಸ್ಟೆಲಿನಲ್ಲಿದ್ದಾಗ ನಿನಗೆ ಕಾಗದ ಬರೆಯುತ್ತಿದ್ದೆ. ನೀನು ಅದರ ಮೇಲೆಯೇ ಒತ್ತಕ್ಷರ ತಿದ್ದಿ, ನಿನ್ನ ಕಾಗದದ ಜೊತೆ ವಾಪಸು ಕಳಿಸುತ್ತಿದ್ದೆ. ಮರಾಠಿ ಶಾಲೆಯಲ್ಲಿ ಓದಿದ ನನಗೆ ಕನ್ನಡ ಬರೆಯಲು ಬಂದದ್ದು ಹಾಗೆ. ಇದರಲ್ಲಿ ಎಷ್ಟು ತಪ್ಪಿವೆಯೋ ಗೊತ್ತಿಲ್ಲ. ತಿದ್ದಬೇಡ, ಸುಮ್ಮನೆ ಓದು.

ಫೋನಿನಲ್ಲಿ ನಾವು ಊಟ, ಬಿಸಿಲು ಬಿಟ್ಟು ಮುಂದೆ ಹೋಗುವುದೇ ಇಲ್ಲ. ಅಪ್ಪಾಜಿ ಸ್ಪೀಕರ್ ಹಚ್ಚಿ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ನಮ್ಮ ಆಫೀಸಿಗೆ ನಾಗಪುರದ ಒಂದು ಕೆಲಸ ಬಂದಿದೆ. ಉಮರೇಡ್ ರಸ್ತೆಯಲ್ಲಿ, ಒಂದು ಹಳೆಯ ಕೆರೆಯ ಪಕ್ಕದಲ್ಲಿ, ಒಂದು ಟ್ರಸ್ಟಿನವರು ಕ್ಯಾನ್ಸರ್ ಆಸ್ಪತ್ರೆ ಕಟ್ಟಿಸುತ್ತಾರೆ. ನಲವತ್ತು ಹಾಸಿಗೆ, ಬೆಳಿಗ್ಗೆ ಬಂದು ಕೀಮೋ ಹಾಕಿಸಿಕೊಂಡು ಸಂಜೆ ಹೋಗುವವರಿಗೆ ಒಂದು ದೊಡ್ಡ ಕೋಣೆ, ರೇಡಿಯೇಷನ್ ಯಂತ್ರ. "ನೀನು ಆ ಊರಿನವಳು" ಎಂದು ನಕ್ಷೆಯ ಕೆಲಸ ನನಗೇ ಕೊಟ್ಟರು.

ಹೋದ ವಾರ ಮೊದಲ ನಕ್ಷೆ ತೋರಿಸಿದೆ. ಬಿಳಿ ಗೋಡೆ, ಎತ್ತರದ ಗಾಜು. ಅಲ್ಲಿಯ ಮುಖ್ಯ ವೈದ್ಯೆ ಡಾಕ್ಟರ್ ಚಾರುಲತಾ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ವಿಮಾನ ನಿಲ್ದಾಣದ ಹಾಗಿದೆ. ನನ್ನ ರೋಗಿಗಳು ಗಡಚಿರೋಲಿಯಿಂದ, ಬಾಲಾಘಾಟಿನಿಂದ ಬಸ್ಸು ಹತ್ತಿ ಬರುವವರು. ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಬಾಗಿಲಲ್ಲೇ ಹೆದರುತ್ತಾರೆ" ಎಂದರು. ಆಮೇಲೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದಿತ್ತೇ ಎಂದು ಕೇಳಿದರು. ನನ್ನ ತಾಯಿಗೆ ಎಂದೆ.

"ಹಾಗಾದರೆ ಆ ಕುರ್ಚಿಯ ಪಕ್ಕ ನೀವೂ ಕೂತಿದ್ದೀರಿ."

"ಹೌದು" ಎಂದುಬಿಟ್ಟೆ.

ಅವ್ವಾ, ನಾನು ಕೂತಿರಲಿಲ್ಲ. ಅದು ನಿನಗೆ ಗೊತ್ತು. ಅಲ್ಲಿ ಹೇಗಿತ್ತು ಎಂದು ಬರೆಯುತ್ತೀಯಾ?

ನಿನ್ನ
ಶಾಂಭವಿ

•

ಅಜನಿ, ನಾಗಪುರ
3 ಮಾರ್ಚ್ 2023

ಚಿ. ಶಾಂಭವಿಗೆ ಅವ್ವನ ಆಶೀರ್ವಾದ.

ಕಾಗದ ಬಂತು. ನಾಲ್ಕು ತಪ್ಪಿವೆ, ತಿದ್ದಿಲ್ಲ.

ಸಂಡಿಗೆ ಹಾಕಿದ್ದೇನೆ. ಈ ಸಲ ಬಿಸಿಲು ಜಲ್ದಿ ಬಂದಿದೆ, ಎರಡೇ ದಿನಕ್ಕೆ ಒಣಗಿದವು. ನಿಮ್ಮ ಅಪ್ಪಾಜಿ ಕೂಲರಿಗೆ ಹೊಸ ವಾಳದ ಹುಲ್ಲು, ಅದೇ ಲಾವಂಚ, ತಂದಿದ್ದಾರೆ. ಮನೆ ತುಂಬ ಅದರ ವಾಸನೆ.

ನೀನು ಕೇಳಿದ್ದಕ್ಕೆ ಏನು ಬರೆಯಲಿ? ಒಂಬತ್ತು ವರ್ಷವಾಯಿತು. ಆ ದಿನಗಳು ನನ್ನವು ಅನ್ನಿಸುವುದೇ ಇಲ್ಲ. ಯಾರೋ ತಮ್ಮ ಕತೆ ಹೇಳುತ್ತಿದ್ದಾಗ ನಾನು ಅರ್ಧ ನಿದ್ದೆಯಲ್ಲಿ ಕೇಳಿಸಿಕೊಂಡ ಹಾಗಿದೆ.

ಒಂದು ನೆನಪಿದೆ. ಮಲಗಿದವರಿಗೆ ಛಾವಣಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಟ್ಟುವವರು ನಿಂತು ಕಟ್ಟುತ್ತಾರೆ, ಅವರಿಗೆ ಇದು ಗೊತ್ತಿರಲಿಕ್ಕಿಲ್ಲ. ನನ್ನ ಕುರ್ಚಿಯ ಮೇಲೆ ಸರಿಯಾಗಿ ಒಂದು ನೀರಿನ ಕಲೆ ಇತ್ತು. ಮೊದಲ ಸಲ ಹೋದಾಗ ಅದು ಎಮ್ಮೆಯ ಹಾಗೆ ಕಂಡಿತು. ಮೂರನೆಯ ಸಲ ನೋಡಿದರೆ ಅದಕ್ಕೆ ಕೊಂಬೇ ಇಲ್ಲ, ದೋಣಿಯಾಗಿತ್ತು. ಔಷಧಿ ಮೈಗೆ ಏರುತ್ತಿದ್ದಂತೆ ನಾನು ಆ ದೋಣಿ ಹತ್ತಿ ಹೋಗುತ್ತಿದ್ದೆ. ಎಲ್ಲಿಗೆ ಎಂದು ಕೇಳಬೇಡ.

ಇನ್ನು ಬರೆಯಲಾರೆ.

ಅನಸೂಯ

•

ಅಹಮದಾಬಾದ್
19 ಮಾರ್ಚ್ 2023

ಅವ್ವಾ,

ನಿನ್ನ ಕಾಗದ ಓದಿ, ಆಫೀಸಿನ ನೆಲದ ಮೇಲೆ ಮಲಗಿ ಅರ್ಧ ಗಂಟೆ ಛಾವಣಿ ನೋಡಿದೆ. ಎಲ್ಲರೂ ನಕ್ಕರು. ಎದ್ದು ಬಂದು ಮೊದಲ ನಕ್ಷೆಯನ್ನು ಬದಿಗಿಟ್ಟೆ.

ನೆನಪು ಮಾಡಿಕೊಳ್ಳುವುದು ಬೇಡ. ಇನ್ನೊಂದು ಕೇಳುತ್ತೇನೆ. ಒಂದು ಬೆಳಿಗ್ಗೆ ಅಪ್ಪಾಜಿಯ ಜೊತೆ ಆಸ್ಪತ್ರೆ ಕಟ್ಟುವ ಆ ಹೊಲಕ್ಕೆ ಹೋಗಿ ಬಾ. ಅಲ್ಲಿ ಇನ್ನೂ ಏನೂ ಇಲ್ಲ. ಸ್ವಲ್ಪ ಹೊತ್ತು ಕೂತು, ಏನು ಕಾಣುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ, ನಿನಗೆ ಏನು ಬೇಕೆನ್ನಿಸುತ್ತದೆ, ಅಷ್ಟು ಬರೆ.

ಶಾಂಭವಿ

•

ಅಜನಿ
10 ಏಪ್ರಿಲ್ 2023

ಚಿ. ಶಾಂಭವಿ,

ಹೋಗಿದ್ದೆವು. ನಿಮ್ಮ ಅಪ್ಪಾಜಿ ಆರು ಗಂಟೆಗೇ ಸ್ಕೂಟರ್ ತೆಗೆದು ನಿಂತರು. ರೈಲ್ವೆ ಗಾರ್ಡ್ ಕೆಲಸ ಬಿಟ್ಟು ಆರು ವರ್ಷವಾದರೂ ಅವರಿಗೆ ಎಲ್ಲ ಗಾಡಿಯೂ ಟೈಮಿಗೇ ಬಿಡಬೇಕು. "ಜಲ್ದಿ ಬಾ, ಬಿಸಲ ಏರತೈತಿ" ಎಂದು ಮೂರು ಸಲ ಕೂಗಿದರು.

ಆ ನೆಲ ನೋಡಿ ಚಪ್ಪಲಿ ಬಿಟ್ಟು ಇಳಿದೆ. ನಮ್ಮ ಹುನಗುಂದದ ಎರೆಹೊಲವನ್ನೇ ಯಾರೋ ಎತ್ತಿ ತಂದು ಹಾಸಿದ ಹಾಗಿದೆ. ಬೇಸಗೆಗೆ ಬಾಯಿ ಬಿಟ್ಟಿದೆ. ಒಂದು ಬಿರುಕಿನಲ್ಲಿ ಮೊಣಕೈವರೆಗೆ ಕೈ ಇಳಿಸಿದೆ. ಮೇಲೆ ಕಾಲು ಸುಡುತ್ತಿತ್ತು, ಒಳಗೆ ಗಡಿಗೆಯ ನೀರಿನಷ್ಟು ತಂಪು. ನಿಮ್ಮ ಅಪ್ಪಾಜಿ, "ಹಾವಿರತೈತಿ, ಕೈ ತಗಿ" ಎಂದು ಬೈದರು. ತೆಗೆಯಲು ಮನಸ್ಸಾಗಲಿಲ್ಲ.

ಹೊಲದ ನಡುವೆ ಒಂದು ದೊಡ್ಡ ಹಿಪ್ಪೆ ಮರವಿದೆ. ಇಲ್ಲಿಯವರು ಅದನ್ನು ಮೋಹ ಎನ್ನುತ್ತಾರೆ, ಮರಕ್ಕೆ ಎಂಥ ಹೆಸರು ನೋಡು. ಹೂ ಉದುರುವ ಕಾಲ. ನೆಲವೆಲ್ಲ ಬೆಳ್ಳಗೆ, ಸಿಹಿ ವಾಸನೆ. ಮೇಕೆ ಮೇಯಿಸುವ ಒಬ್ಬ ಹೆಂಗಸು ಅಲ್ಲಿ ಹೂ ಆರಿಸುತ್ತಿದ್ದಳು, ಜನಾಬಾಯಿ ಎಂದು ಹೆಸರು. "ಬಸಾ ಬಾಯಿ, ಸಾವಲೀತ ಬಸಾ" ಎಂದು ತಾನು ಸರಿದು ನನಗೆ ನೆರಳು ಬಿಟ್ಟುಕೊಟ್ಟಳು.

ಇಲ್ಲಿ ಏನು ಕಟ್ಟುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳ ಗಂಡನಿಗೂ ಬಾಯಿಯ ಹುಣ್ಣು, ಅಡಿಕೆ ತಂಬಾಕು ಕಲಸಿದ ಖರ್ರಾ ತಿಂದು ತಿಂದು ಬಂದದ್ದು. ಆಸ್ಪತ್ರೆಯ ಹೊರಗೆ ಫುಟ್‌ಪಾತಿನ ಮೇಲೆ ಮೂರು ವಾರ ಮಲಗಿದ್ದಳಂತೆ. ಅವನಿಗೆ ಗಂಜಿ ಬಿಟ್ಟರೆ ಏನೂ ಇಳಿಯದು. ಮೂರು ಕಲ್ಲಿಟ್ಟು ಒಲೆ ಹೂಡಿದರೆ ಕಾವಲಿನವನು ಬಂದು ನೀರು ಸುರಿದನಂತೆ. ಅದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಗಂಜಿ ಇನ್ನೂ ಅರ್ಧ ಬೆಂದಿತ್ತು" ಎಂದು ಮಾತ್ರ ಎರಡು ಸಲ ಹೇಳಿದಳು. ಅವಳಿಗೊಂದು ಒಲೆ ಬರೆದುಕೋ.

ಆಮೇಲೆ ನನಗೆ ಅಲ್ಲೇ ಜೋಂಪು ಹತ್ತಿತು. ಕನಸೋ ಏನೋ, ಔಷಧಿಯ ಬಾಟಲಿಯನ್ನು ಆ ಮರದ ಟೊಂಗೆಗೇ ತೂಗುಹಾಕಿದ್ದರು. ಹನಿ ಬೀಳುವ ಬದಲು ಒಂದೊಂದೇ ಹೂ ಬೀಳುತ್ತಿತ್ತು. ಯಾವ ಅವಸರವೂ ಇರಲಿಲ್ಲ. ಒಂದು ಬಿದ್ದು, ಎಷ್ಟೋ ಹೊತ್ತಿಗೆ ಇನ್ನೊಂದು. ಕೆರೆಯ ಕಡೆಯಿಂದ ಗಾಳಿ ಬಂದು ನನ್ನ ಬೋಳು ತಲೆಯ ಮೇಲೆ ಆಡುತ್ತಿತ್ತು, ನನಗೆ ನಾಚಿಕೆಯಾಗಲಿಲ್ಲ. ಎಚ್ಚರಾದಾಗ ಸೆರಗಿನ ತುಂಬ ಹೂವು.

ನನಗೇನು ಬೇಕು ಎಂದು ಕೇಳಿದ್ದೀಯಲ್ಲ. ಮಲಗಿದವರ ಕಣ್ಣಿಗೆ ಸಿಗುವಷ್ಟು ಕೆಳಗೆ ಕಿಟಕಿ ಇರಲಿ. ನಂಬರ್ ಕೂಗದೆ ಹೆಸರು ಹಿಡಿದು ಕರೆಯಲಿ. ಆರು ತಿಂಗಳು ನಾನು ಐವತ್ಮೂರಾಗಿದ್ದೆ. ಸೀರೆ ಒಗೆದು ಹರವಲು ಒಂದು ಕಲ್ಲು, ಒಂದು ತಂತಿ. ಮತ್ತೆ ರೇಡಿಯೇಷನ್ನಿಗೆ ನೆಲಮಾಳಿಗೆಗೆ ಇಳಿಸಬೇಡಿ. ಲಿಫ್ಟು ಕೆಳಗೆ ಹೋದಂತೆಲ್ಲ ಬದುಕಿದ್ದಾಗಲೇ ಮಣ್ಣಿಗೆ ಇಳಿಸಿದ ಹಾಗೆ ಅನ್ನಿಸುತ್ತಿತ್ತು. ಇದನ್ನು ನಿಮ್ಮ ಅಪ್ಪಾಜಿಗೆ ಹೇಳಿಲ್ಲ, ನೀನೂ ಹೇಳಬೇಡ.

ಅನಸೂಯ

•

ಅಹಮದಾಬಾದ್
2 ಜುಲೈ 2023

ಅವ್ವಾ,

ಹೊಸ ನಕ್ಷೆ ಆಗುತ್ತಿದೆ. ಮೋಹದ ಮರ ಅಂಗಳದ ನಡುವೆ ಉಳಿಯುತ್ತದೆ, ಕೀಮೋದ ಕೋಣೆ ಅದರ ಕಡೆ ಮುಖ ಮಾಡಿದೆ. ಕಿಟಕಿಯ ತಳ ನೆಲದಿಂದ ಒಂದೂವರೆ ಅಡಿ ಮಾತ್ರ. ಗೋಡೆಗೆ ಅಲ್ಲಿಯದೇ ಕರಿಕಲ್ಲು, ಮೇಲೆ ಹಂಚು, ತಗ್ಗಿದ ಸೂರು, ಸುತ್ತ ಪಡಸಾಲೆ. ಜನಾಬಾಯಿಗೆ ಒಂದಲ್ಲ, ಹನ್ನೆರಡು ಒಲೆ ಬರೆದಿದ್ದೇನೆ.

ಕೈಯನ್ನು ಬಿರುಕಿಗೆ ಇಳಿಸಿದ್ದನ್ನು ನೀನು ಬರೆಯದಿದ್ದರೆ ಮುಖ್ಯವಾದದ್ದು ನನಗೆ ಹೊಳೆಯುತ್ತಿರಲಿಲ್ಲ. ರೇಡಿಯೇಷನ್ ಯಂತ್ರಕ್ಕೆ ಆಳೆತ್ತರ ದಪ್ಪದ ಗೋಡೆ ಬೇಕು, ಅದಕ್ಕೇ ಅದನ್ನು ನೆಲಮಾಳಿಗೆಯಲ್ಲಿ ಇಡುತ್ತಾರೆ. ನಾನು ಕೋಣೆಯನ್ನು ನೆಲದ ಮೇಲೆಯೇ ಇಟ್ಟು, ಸುತ್ತಲೂ ಆ ಕಪ್ಪು ಮಣ್ಣನ್ನೇ ಏರಿಸಿ ಒಂದು ಸಣ್ಣ ಗುಡ್ಡ ಮಾಡುತ್ತೇನೆ. ಗುಡ್ಡದ ಮೇಲೆ ಮುತ್ತುಗದ ಗಿಡ. ಯಾರೂ ಕೆಳಗಿಳಿಯುವುದಿಲ್ಲ. ಅಂಗಳದ ಬಿಸಿಲಿನಲ್ಲಿ ನಡೆದು ಗುಡ್ಡದ ಒಳಗೆ ಹೋಗಿ, ತಂಪಿನಿಂದ ಮತ್ತೆ ಬಿಸಿಲಿಗೆ ಬರುತ್ತಾರೆ.

ಇಷ್ಟನ್ನೇ ಬರೆದು ಮುಗಿಸಬೇಕೆಂದು ಕೂತಿದ್ದೆ. ಆಗುತ್ತಿಲ್ಲ.

ನಾನು ಬಂದಿದ್ದೆ, ಅವ್ವಾ. 2014ರಲ್ಲಿ, ಗಣಪತಿ ಕಳಿಸಿದ ಮರುವಾರ. ನಿಮಗೆ ಹೇಳದೆ, ಸ್ಟೇಷನ್ನಿನಿಂದ ನೇರ ಆಸ್ಪತ್ರೆಗೆ ಬಂದೆ. ಮೂರನೇ ಮಹಡಿ. ಬಾಗಿಲಿಗೆ ಒಂದು ದುಂಡನೆಯ ಗಾಜಿತ್ತು. ಅದರಲ್ಲಿ ನೋಡಿದೆ. ಬಾಗಿಲಿಗೆ ಎದುರಾಗಿ ನೀನು ಕುರ್ಚಿಯಲ್ಲಿದ್ದೆ. ತಲೆಯಲ್ಲಿ ಕೂದಲಿರಲಿಲ್ಲ, ಹುಬ್ಬೂ ಇರಲಿಲ್ಲ, ಕಣ್ಣು ಮುಚ್ಚಿತ್ತು. ಮುಖ ತೀರಿಹೋದ ಅಜ್ಜನ ಹಾಗೆ ಆಗಿತ್ತು. ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟಿದ್ದೆ. ತಳ್ಳಲಾಗಲಿಲ್ಲ. ಮೆಟ್ಟಿಲಿಳಿದು, ಸ್ಟೇಷನ್ನಿಗೆ ಹೋಗಿ, ಸಿಕ್ಕ ಗಾಡಿ ಹತ್ತಿದೆ. ಆಮೇಲೆ ಫೋನಿನಲ್ಲಿ ರಜೆ ಸಿಗಲಿಲ್ಲ ಎಂದೆ. ಪ್ರತಿ ಸಲವೂ ಹಾಗೇ ಎಂದೆ.

ನೀನು ಉತ್ತರ ಬರೆಯದಿದ್ದರೂ ಸರಿ.

ಶಾಂಭವಿ

•

ಅಜನಿ
29 ಅಕ್ಟೋಬರ್ 2023

ಶಾಂಭವಿ,

ನೀನು ಹಳದಿ ವೇಲು ಹಾಕಿದ್ದೆ.

ನಾಲ್ಕು ತಿಂಗಳಿಂದ ಬರೆದು ಬರೆದು ಹರಿದುಹಾಕಿದ್ದೇನೆ. ಫೋನಿನಲ್ಲಿ ನೀನೂ ಏನೂ ಕೇಳಲಿಲ್ಲ, ನಾನೂ ಮಳೆಯ ಮಾತು ಆಡಿದೆ. ಇವತ್ತು ನಿಮ್ಮ ಅಪ್ಪಾಜಿ ಕಾಮಠಿಗೆ ಸ್ನೇಹಿತರ ಮನೆಗೆ ಹೋಗಿದ್ದಾರೆ. ಮನೆಯಲ್ಲಿ ಒಬ್ಬಳೇ ಇದ್ದೇನೆ, ಇವತ್ತು ಬರೆದು ಮುಗಿಸುತ್ತೇನೆ.

ನೀನು ನನ್ನನ್ನು ನೋಡುವ ಮುಂಚೆ ನಾನು ನಿನ್ನನ್ನು ನೋಡಿದೆ. ಮೊದಲು ಹಳದಿ ಬಣ್ಣ, ಆಮೇಲೆ ನಿನ್ನ ಹಣೆ. ತಲೆಗೆ ಕಟ್ಟುವ ಅರಿವೆ ಕಾಲ ಬಳಿಯ ಚೀಲದಲ್ಲಿತ್ತು. ಒಂದು ಕೈಯಲ್ಲಿ ಸೂಜಿ, ಬಗ್ಗಲು ಬರಲಿಲ್ಲ. ನರ್ಸನ್ನು ಕರೆಯಲು ಬಾಯಿ ಒಣಗಿತ್ತು. ಇಂಥ ಮುಖವನ್ನು ಮಗಳಿಗೆ ಹೇಗೆ ತೋರಿಸಲಿ ಎಂದು ಗಟ್ಟಿಯಾಗಿ ಕಣ್ಣು ಮುಚ್ಚಿದೆ. ನಿದ್ದೆ ಬಂದವಳ ಹಾಗೆ ಉಸಿರಾಡಿದೆ. ಒಳಗೆ ಬರಬೇಡ, ಬರಬೇಡ ಎಂದು ಎಣಿಸುತ್ತಿದ್ದೆ. ಕಣ್ಣು ತೆರೆದಾಗ ಗಾಜು ಖಾಲಿಯಾಗಿತ್ತು.

ಮುಂದಿನದನ್ನು ಯಾರಿಗೂ ಹೇಳಿಲ್ಲ. ನನಗೆ ಹಗುರವೆನ್ನಿಸಿತು. ಮಗಳು ತಿರುಗಿ ಹೋದಳಲ್ಲ ಎಂದು ಹಗುರಾದ ತಾಯಿ ನಾನು. ನರ್ಸ್ ಬಂದು, "ನಿಮ್ಮ ಮಗಳೇನ್ರೀ ಬಂದಿದ್ದು?" ಎಂದು ಹಿಂದಿಯಲ್ಲಿ ಕೇಳಿದಳು. ಅಲ್ಲ, ಯಾರೋ ಬೇರೆಯವರು ಎಂದೆ. ಬಾಗಿಲಿಂದ ತಿರುಗಿ ನೀನು ನನ್ನನ್ನು ಇಲ್ಲವೆಂದೆ, ನಾನೂ ನಿನ್ನನ್ನು ಇಲ್ಲವೆಂದೆ. ಒಂಬತ್ತು ವರ್ಷ ನೀನು ರಜೆಯ ಸುಳ್ಳು ಹೇಳಿದಾಗಲೆಲ್ಲ ನಾನು ಹೂಂಗುಟ್ಟಿದ್ದು ನಿನ್ನನ್ನು ಕ್ಷಮಿಸಿ ಅಲ್ಲ. ನನ್ನದು ಹೊರಬೀಳದಿರಲಿ ಎಂದು.

ಈಗ ನಿನ್ನ ನಕ್ಷೆಗೆ ಒಂದು ಹೇಳುತ್ತೇನೆ. ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಇಡಬೇಡ. ಬಾಗಿಲಿಗೆ ಮುಂಚೆ ದಾರಿ ಒಂದು ಕಡೆ ತಿರುಗಲಿ. ಆ ತಿರುವಿನಲ್ಲಿ ಕೂಡಲು ಒಂದು ಕಟ್ಟೆ ಇರಲಿ. ಬಂದವರು ಅಲ್ಲಿ ಕೂತು ಉಸಿರು ತೆಗೆದುಕೊಳ್ಳಲಿ, ಅಳುವುದಿದ್ದರೆ ಅತ್ತುಕೊಳ್ಳಲಿ. ಅಷ್ಟರಲ್ಲಿ ಒಳಗಿದ್ದವರಿಗೆ, ನಿಮ್ಮವರು ಬಂದಿದ್ದಾರೆ ಎಂದು ಯಾರಾದರೂ ಹೇಳಲಿ. ಅವರು ತಲೆಗೆ ಅರಿವೆ ಕಟ್ಟಿಕೊಳ್ಳಲಿ. ಆಮೇಲೆ ನೋಡಲಿ ಒಬ್ಬರನ್ನೊಬ್ಬರು.

ನಮಗೆ ಅಷ್ಟು ಜಾಗ ಇದ್ದಿದ್ದರೆ ಸಾಕಾಗಿತ್ತು ಅನ್ನಿಸುತ್ತದೆ.

ನಿನ್ನ ಅವ್ವ

•

ನಾಗಪುರ ಸ್ಟೇಷನ್ನಿನಿಂದ
14 ಜನವರಿ 2024

ಅವ್ವಾ,

ಮನೆಯಿಂದ ಈಗಷ್ಟೇ ಬಂದು, ಗಾಡಿ ತಡವೆಂದು ವೇಟಿಂಗ್ ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎರಡು ದಿನ ನಿನ್ನೆದುರೇ ಇದ್ದೆ, ಮೀಟಿಂಗ್ ಚಲೋ ಆಯಿತು ಎಂದಷ್ಟೇ ಹೇಳಿದೆ. ನಾವಿಬ್ಬರೂ ಕಾಗದದಲ್ಲಿ ಮಾತ್ರ ಮಾತಾಡಲು ಕಲಿತಿದ್ದೇವೆ ಎಂದು ಕಾಣುತ್ತದೆ.

ಮೀಟಿಂಗಿನಲ್ಲಿ ಟ್ರಸ್ಟಿನ ಅಧ್ಯಕ್ಷರು ಕೇದಾರನಾಥಜಿ ಗುಡ್ಡಕ್ಕೆ ಒಪ್ಪಿದರು, ಒಲೆಗಳಿಗೆ ಒಪ್ಪಿದರು. ತಿರುವಿನ ಹತ್ತಿರ ಬಂದು ಬೆರಳಿಟ್ಟರು. "ಇದರಿಂದ ಮೂರು ಕುರ್ಚಿ ಕಡಿಮೆಯಾಗುತ್ತವೆ. ಮೂರು ಕುರ್ಚಿ ಎಂದರೆ ದಿನಕ್ಕೆ ಆರು ರೋಗಿಗಳು. ಕೂತು ಅಳುವವರಿಗಾಗಿ ಆರು ಜನರನ್ನು ವಾಪಸು ಕಳಿಸಲೇ?" ಎಂದರು. ಅವರು ಕೆಟ್ಟವರಲ್ಲ ಅವ್ವಾ.

ಎದ್ದು ನಿಂತು ನಡೆದದ್ದನ್ನು ಹೇಳಿದೆ. ಡಾಕ್ಟರ್ ಚಾರುಲತಾ ಕೇಳಿದಾಗ ಸುಳ್ಳು ಹೇಳಿದ್ದು, ದುಂಡನೆಯ ಗಾಜು, ಮೆಟ್ಟಿಲು, ಸ್ಟೇಷನ್. ನೀನು ಕಣ್ಣು ಮುಚ್ಚಿಕೊಂಡದ್ದನ್ನು ಹೇಳಲಿಲ್ಲ, ಅದು ನಿನ್ನದು. ಡಾಕ್ಟರ್ ನನ್ನ ಕಡೆ ನೋಡಲೇ ಇಲ್ಲ. ಕೆಲಸ ಹೋಯಿತು ಎಂದುಕೊಂಡೆ.

ಆಮೇಲೆ ಡಾಕ್ಟರ್ ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡರು. "ಇಪ್ಪತ್ತು ವರ್ಷದಿಂದ ಬಾಗಿಲವರೆಗೆ ಬಂದು ತಿರುಗಿ ಹೋಗುವವರನ್ನು ನೋಡಿದ್ದೇನೆ. ಗಂಡಂದಿರು, ಮಕ್ಕಳು, ತಮ್ಮಂದಿರು. ಕಲ್ಲು ಮನಸ್ಸಿನವರು ಎಂದುಕೊಳ್ಳುತ್ತಿದ್ದೆ" ಎಂದರು. ಪೆನ್ಸಿಲ್ ತೆಗೆದುಕೊಂಡು ತಮ್ಮ ಕೋಣೆಯ ನಡುವೆ ಒಂದು ಗೆರೆ ಹಾಕಿದರು. "ನನಗೆ ಇಷ್ಟು ಸಾಕು. ಮೂರು ಕುರ್ಚಿ ಈ ಕಡೆ ಬರಲಿ." ಕೇದಾರನಾಥಜಿ ತಲೆಯಾಡಿಸಿದರು.

ಹೊರಗೆ ಬಂದಾಗ ಡಾಕ್ಟರ್ "ಮೊದಲೇ ಹೇಳಬಹುದಿತ್ತು" ಎಂದರು. ಅದು ಸರಿ.

ಗಾಡಿ ಬಂತು.

ಶಾಂಭವಿ

•

ಅಜನಿ
20 ನವೆಂಬರ್ 2025

ಚಿ. ಶಾಂಭವಿ,

ಆಸ್ಪತ್ರೆ ಸುರುವಾಗಿ ಹದಿನೈದು ದಿನವಾಯಿತು. ಉದ್ಘಾಟನೆಯ ದಿನ ನೀನು ಗಣ್ಯರ ಹಿಂದೆ ಓಡಾಡುತ್ತಿದ್ದೆ, ಸಂಜೆಯೇ ಹೊರಟುಹೋದೆ. ನೀನು ನೋಡದ್ದನ್ನು ಬರೆಯುತ್ತೇನೆ.

ಮಂಗಳವಾರ, ಶುಕ್ರವಾರ ನಾನು ಹೋಗುತ್ತೇನೆ. ಒಬ್ಬರೇ ಬಂದವರ ಜೊತೆ ಕೂಡಲು ಡಾಕ್ಟರ್ ಚಾರುಲತಾ ಕೇಳಿದರು. ಚಪ್ಪಲಿಯನ್ನು ಜನ ಪಡಸಾಲೆಯ ಮೆಟ್ಟಿಲಿನ ಕೆಳಗೆ ತಾವಾಗಿಯೇ ಬಿಡುತ್ತಾರೆ, ಯಾರೂ ಹೇಳಿಕೊಡಲಿಲ್ಲ. ತಂತಿ ಸಾಲದೆ ಸೀರೆಗಳನ್ನು ನಿನ್ನ ಕಟಕಟೆಯ ಮೇಲೆಲ್ಲ ಹರವಿದ್ದಾರೆ. ಗಾಳಿ ಬಂದಾಗ ಇಡೀ ಆಸ್ಪತ್ರೆ ಬಣ್ಣಬಣ್ಣದ ಹಾಯಿ ಬಿಚ್ಚಿಕೊಂಡು ಹೊರಟ ಹಾಗೆ ಕಾಣುತ್ತದೆ. ಅಡುಗೆಮನೆಯಲ್ಲಿ ಹೊಗೆ ಸರಿಯಾಗಿ ಹೋಗುವುದಿಲ್ಲ, ಅದನ್ನು ನೋಡು. ಜನಾಬಾಯಿ ಬಂದಿದ್ದಳು. ಗಂಡ ಹೋದ ವರ್ಷ ತೀರಿಕೊಂಡನಂತೆ. ಹನ್ನೆರಡು ಒಲೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಮೇಕೆ ಹೊಡೆದುಕೊಂಡು ಹೋದಳು.

ಮೊನ್ನೆ ಮಂಗಳವಾರ ತಿರುವಿನ ಕಟ್ಟೆಯ ಮೇಲೆ ಒಬ್ಬ ದೊಡ್ಡ ಮೀಸೆಯ ಗಂಡಸು ಕೂತಿದ್ದ. ಉಮರೇಡಿನ ಕಲ್ಲಿದ್ದಲ ಗಣಿಯಲ್ಲಿ ಕೆಲಸವಂತೆ. ಒಳಗೆ ಹೆಂಡತಿ. ಮುಕ್ಕಾಲು ಗಂಟೆ ಗೋಡೆಗೆ ತಲೆ ಕೊಟ್ಟು ಕೂತ. ನಾನು ಒಳಗೆ ಹೋಗಿ ಆಕೆಗೆ ಹೇಳಿದೆ. ಆಕೆ ಕುಂಕುಮ ಕೇಳಿದಳು, ನನ್ನ ಬೆರಳಿಂದಲೇ ಹಚ್ಚಿದೆ. ಆಮೇಲೆ ಅವನು ಬಂದ. ಬಂದವನು ಆಕೆಯ ಪಾದ ಹಿಡಿದು ಕೂತ, ಮುಖ ನೋಡಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಡಿಸೆಂಬರಿನಲ್ಲಿ ಬಾ. ಕೆಲಸಕ್ಕಲ್ಲ, ಮನೆಗೆ.

ಅವ್ವ

•

ಅಹಮದಾಬಾದ್
21 ಡಿಸೆಂಬರ್ 2025

ಅವ್ವಾ,

ತಲುಪಿದೆ. ಹೊಗೆಯ ವಿಷಯ ಸರಿಮಾಡಲು ಜನ ಬರುತ್ತಾರೆ.

ಬುಧವಾರ ಮಧ್ಯಾಹ್ನದ್ದನ್ನು ಬರೆದಿಡಬೇಕು ಅನ್ನಿಸುತ್ತಿದೆ. ಅಪ್ಪಾಜಿ ಸಂತ್ರಾ ಹಣ್ಣು ತರಲು ಹೋಗಿದ್ದರು. ಹಿತ್ತಲ ಕಡೆಯ ಕೋಣೆಯಲ್ಲಿ ಚಳಿಗಾಲದ ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ನೀನು ಎಣ್ಣೆಯ ಬಟ್ಟಲು ತಂದು ನನ್ನ ಮುಂದೆ ಇಟ್ಟೆ. "ಬೆನ್ನು ಹಿಡದೈತಿ. ಎಣ್ಣಿ ಹಚ್ಚವಾ" ಎಂದೆ. ಎಂದವಳೇ ಕುಪ್ಪಸ ತೆಗೆದು ಬದಿಗಿಟ್ಟೆ. ಗೋಡೆಯ ಕಡೆ ತಿರುಗುತ್ತೀಯೆಂದು ಕಾದೆ. ನೀನು ತಿರುಗಲಿಲ್ಲ. ನನ್ನೆದುರೇ ಕೂತೆ.

ಎಡಗಡೆ ಸಪಾಟಾಗಿದೆ. ಕಂಕುಳದಿಂದ ಎದೆಯ ನಡುವಿನವರೆಗೆ ಗೆರೆ. ನಾನು ಅಂದುಕೊಂಡದ್ದಕ್ಕಿಂತ ಅದು ಉದ್ದವಿದೆ, ಅಂದುಕೊಂಡದ್ದಕ್ಕಿಂತ ಮೆತ್ತಗಿದೆ. ಮೊದಲು ಬೆನ್ನಿಗೆ ಹಚ್ಚಿದೆ, ಆಮೇಲೆ ಭುಜಕ್ಕೆ. ನನ್ನ ಕೈ ಅಲ್ಲಿಗೆ ಹೋದಾಗ ನೀನು ಬೇಡ ಅನ್ನಲಿಲ್ಲ. ಗೆರೆಯುದ್ದಕ್ಕೂ ಎಣ್ಣೆ ಸವರಿದೆ. "ನೋಯ್ತದೇನ?" ಎಂದೆ. "ಇಲ್ಲ. ಅಲ್ಲೆ ಏನೂ ಗೊತ್ತಾಗಂಗಿಲ್ಲ. ಆದ್ರ ಬೆಚ್ಚಗ ಐತಿ" ಎಂದೆ ನೀನು.

ಆಮೇಲೆ ನನ್ನ ಮೊಣಕಾಲಿಗೆ ಒರಗಿ ನಿದ್ದೆ ಹೋದೆ. ಈ ಸಲ ನಿಜವಾದ ನಿದ್ದೆ, ಬಾಯಿ ಸ್ವಲ್ಪ ತೆರೆದಿತ್ತು. ಬಿಸಿಲು ಚಾಪೆಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಹೋಯಿತು. ನನ್ನ ಕಾಲು ಜೋಮು ಹಿಡಿಯಿತು. ನಾನು ಅಲುಗಾಡಲಿಲ್ಲ.

ನಿನ್ನ
ಶಾಂಭವಿ